ನಾಲ್ಕು ಹಾವುಗಳ ಮದ್ದು

ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಾನು ಹಾವಿನ ವಿಷದ ಮೇಲೆ ಲೇಖನ ಬರೆಯಹೊರಟಿರುವುದನ್ನು ಕಂಡು ನಮ್ಮ ಗುರುಗಳು ಹುಬ್ಬೇರಿಸಬಹುದು, ಗೆಳೆಯರು ನಗಲೂಬಹುದು. ಈ ಸಂಚಿಕೆಗೆ ಸೋದೆಯ ಅರಸರನ್ನು ಕುರಿತು ಒಂದು ಪ್ರಬಂಧ ಕೊಡುತ್ತೇನೆಂದು ನಾನು ಒಪ್ಪಿಕೊಂಡಿದ್ದೂ ನಿಜ. ಆದರೆ ಎರಡು ವರ್ಷಗಳಿಂದ ಒಂದು ಪ್ರಶ್ನೆ ತಲೆಯಲ್ಲಿ ಕುಳಿತುಬಿಟ್ಟಿದೆ. ಅದನ್ನು ಹಿಂಬಾಲಿಸಿ ಸಿಕ್ಕಷ್ಟು ಪುಸ್ತಕ ಓದಿದೆ, ಬಲ್ಲವರನ್ನು ಕೇಳಿದೆ. ಓದಿದ್ದನ್ನು ನನ್ನಂಥ ವಿಜ್ಞಾನವರಿಯದವರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ. ಸೋದೆಯ ಅರಸರು ಇನ್ನೊಂದು ವರ್ಷ ಕಾಯಬಲ್ಲರು.

ನಮ್ಮ ಮನೆ ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಎರಡು ವರ್ಷಗಳ ಹಿಂದೆ ಭತ್ತದ ಕೊಯ್ಲಿನ ಕಾಲ. ಮಧ್ಯಾಹ್ನದ ಊಟವಾದ ಮೇಲೆ ಕೊಯ್ದಿಟ್ಟ ಭತ್ತವನ್ನು ಸಿವುಡು ಕಟ್ಟುತ್ತಿದ್ದ ನಮ್ಮ ಕಾಕಾ ಒಮ್ಮೆಲೇ ಕಾಲನ್ನು ಹಿಂದಕ್ಕೆಳೆದುಕೊಂಡು ಕುಳಿತುಬಿಟ್ಟರು. "ಮುಳ್ಳು ನೆಟ್ಟಿತು ಅಂತ ತಿಳಕೊಂಡ್ನಿ," ಎಂದು ಆಮೇಲೆ ಹೇಳುತ್ತಿದ್ದರು. ಮುಳ್ಳಲ್ಲ. ಸಿವುಡಿನಡಿಯಲ್ಲಿ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಕುಕ್ಕರಿನಂತೆ ಬುಸುಗುಡುತ್ತಿತ್ತು. ನಮ್ಮ ಕಡೆ ಮರಾಠಿ ಮಾತಾಡುವವರು ಇದನ್ನು ಘೋಣಸ ಎನ್ನುತ್ತಾರೆ. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿದೆವು. ಊರವರ ಮಾತು ಕೇಳಿ ಮೊದಲು ನಾಟಿ ವೈದ್ಯರೊಬ್ಬರ ಬಳಿಗೆ ಒಯ್ದೆವು. ಎರಡು ಗಂಟೆ ಅಲ್ಲಿಯೇ ಕಳೆಯಿತು. ಕಾಲು ಬಾತು ತೊಡೆಯವರೆಗೆ ಏರಿತು. ಒಸಡಿನಿಂದ ರಕ್ತ ಜಿನುಗತೊಡಗಿದಾಗ ಅಪ್ಪನಿಗೆ ಗಾಬರಿಯಾಗಿ ಆಸ್ಪತ್ರೆಗೆ ಗಾಡಿ ತಿರುಗಿಸಿದರು.

ಅಲ್ಲಿ ವೈದ್ಯರು ಮಾಡಿದ ಮೊದಲ ಕೆಲಸ ನನಗೆ ವಿಚಿತ್ರವಾಗಿ ಕಂಡಿತು. ಕಾಕಾನ ತೋಳಿನಿಂದ 2 ಸಿ.ಸಿ. ರಕ್ತ ತೆಗೆದು ಒಂದು ಗಾಜಿನ ನಳಿಗೆಗೆ ಹಾಕಿದರು. ಅದನ್ನು ಮೇಜಿನ ಮೇಲೆ ನಿಲ್ಲಿಸಿ, "ಯಾರೂ ಮುಟ್ಟಬೇಡಿ, ಇಪ್ಪತ್ತು ನಿಮಿಷ," ಎಂದರು. ಗೋಡೆಯ ಗಡಿಯಾರವನ್ನು ನೋಡುವ ಕೆಲಸ ನನ್ನದಾಯಿತು. ಪರೀಕ್ಷೆಯ ಕೋಣೆಯಲ್ಲಿಯೂ ಇಪ್ಪತ್ತು ನಿಮಿಷ ಅಷ್ಟು ನಿಧಾನವಾಗಿ ಸರಿದದ್ದನ್ನು ನಾನು ಕಂಡಿಲ್ಲ. ಹೊತ್ತಾದ ಮೇಲೆ ವೈದ್ಯರು ನಳಿಗೆಯನ್ನೆತ್ತಿ ಓರೆಮಾಡಿದರು. ಆರೋಗ್ಯವಂತನ ರಕ್ತವಾಗಿದ್ದರೆ ಅಷ್ಟರಲ್ಲಿ ಹೆಪ್ಪಾಗಿ ಗಾಜಿಗೆ ಹಿಡಿದು ನಿಂತಿರಬೇಕು. ಕಾಕಾನ ರಕ್ತ ಕುಂಕುಮದ ನೀರಿನಂತೆ ಹರಿಯಿತು. ಕೂಡಲೇ ಮದ್ದಿನ ಸೀಸೆಗಳನ್ನು ಒಡೆದರು: ಒಂದಲ್ಲ, ಎರಡಲ್ಲ, ಹತ್ತು.

ಕೊಂದ ಹಾವನ್ನು ಚೀಲದಲ್ಲಿ ಕಟ್ಟಿ ತಂದಿದ್ದ ನೆರೆಯವರಿಗೆ ವೈದ್ಯರು ಹೇಳಿದರು: "ಇದನ್ನು ತರುವ ಅಗತ್ಯವಿರಲಿಲ್ಲ. ಇದು ನಾಲ್ಕೂ ಹಾವಿಗೆ ಸೇರಿದ ಮದ್ದು." ಆ ಗಡಿಬಿಡಿಯಲ್ಲಿ ನಾನು ಕೇಳಬಾರದ ಪ್ರಶ್ನೆಯನ್ನು ಕೇಳಿದೆ: "ಐದನೆಯ ಹಾವು ಕಚ್ಚಿದರೆ?" ಅವರು ನನ್ನ ಮುಖವನ್ನೊಮ್ಮೆ ನೋಡಿ ಸಲಾಯಿನ್ ಸರಿಪಡಿಸಲು ಹೋದರು. ಉತ್ತರ ಹೇಳಲು ಅವರಿಗೆ ಆಗ ಪುರಸೊತ್ತಿರಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಾಲ್ಕು ಹಾವುಗಳೆಂದರೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಕೊನೆಯದು ಗೇಣುದ್ದದಿಂದ ಮೊಳದುದ್ದದ ಸಣ್ಣ ಹಾವು, ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂಥ ಸದ್ದು ಮಾಡುತ್ತದೆ, ಮರಾಠಿಯಲ್ಲಿ ಫುರಸೆ. ಭಾರತದಲ್ಲಿ ಹಾವು ಕಚ್ಚಿ ಸಾಯುವವರಲ್ಲಿ ಹೆಚ್ಚಿನವರು ಈ ನಾಲ್ಕರಿಂದಲೇ ಸಾಯುತ್ತಾರೆಂದು ಬಹುಕಾಲದಿಂದ ನಂಬಿಕೊಂಡು ಬಂದಿರುವುದರಿಂದ ದೇಶದ ಪ್ರತಿವಿಷವೆಲ್ಲ ಈ ನಾಲ್ಕರ ವಿಷದಿಂದಲೇ ತಯಾರಾಗುತ್ತದೆ.

ಮೊದಲು ವಿಷವೆಂದರೇನೆಂದು ನೋಡೋಣ. ಅದು ಹಾವಿನ ಜೊಲ್ಲೇ ಸರಿ, ಆದರೆ ಲಕ್ಷಾಂತರ ವರ್ಷಗಳಲ್ಲಿ ಹದಗೊಂಡ ಜೊಲ್ಲು. ಒಂದೇ ವಸ್ತುವಲ್ಲ, ಹತ್ತಾರು ಬಗೆಯ ಪ್ರೋಟೀನುಗಳ ಕೂಟ. ಹಾವಿಗೆ ಅದು ಇಲಿ ಕಪ್ಪೆಗಳನ್ನು ಕೆಡವುವ ಆಯುಧ. ಜತೆಗೆ ಮಂಡಲಗಳಲ್ಲಿ ಬೇಟೆಯನ್ನು ಒಳಗಿನಿಂದ ಅರಗಿಸಲು ಮೊದಲಿಡುವ ಪಾಚಕ. ಮನುಷ್ಯನಿಗೆಂದು ಹಾವು ವಿಷವನ್ನು ಕೂಡಿಟ್ಟಿಲ್ಲ. ತುಳಿಯುವುದು ನಾವು.

ಕೊಳಕುಮಂಡಲದ ವಿಷ ರಕ್ತವನ್ನು ನೀರು ಮಾಡುತ್ತದೆಂದು ಹಳ್ಳಿಯವರು ಹೇಳುತ್ತಾರೆ. ಫಲ ನೋಡಿದರೆ ಮಾತು ಸರಿ. ಕಾರಣ ಮಾತ್ರ ತಿರುವುಮುರುವು. ರಕ್ತ ಹೆಪ್ಪುಗಟ್ಟುವುದು ಒಂದು ಸರಪಳಿಯ ಕೆಲಸ. ಒಂದು ಅಂಶ ಇನ್ನೊಂದನ್ನು ಎಬ್ಬಿಸುತ್ತ ಕೊನೆಗೆ ಫೈಬ್ರಿನ್ ಎಂಬ ನೂಲು ಹೊರಬಂದು ಗಾಯವನ್ನು ಹೊಲಿಯುತ್ತದೆ. ಈ ಹಾವಿನ ವಿಷ ಆ ಸರಪಳಿಯ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಗಾಯವಿಲ್ಲದೆಯೇ ಮೈತುಂಬ ಎಬ್ಬಿಸಿಬಿಡುತ್ತದೆ. ವರ್ಷದ ಕಾಳನ್ನೆಲ್ಲ ಒಂದೇ ಮದುವೆಯಲ್ಲಿ ಬಡಿಸಿದ ಮನೆಯಂತೆ, ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ಒಮ್ಮೆಲೇ ಖರ್ಚಾಗಿ ಕಣಜ ಬರಿದಾಗುತ್ತದೆ. ಆಮೇಲೆ ಒಸಡು ಒಸರಿದರೂ ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ಪ್ರತಿವಿಷವು ವಿಷವನ್ನು ಹಿಡಿದುಹಾಕಿದ ಮೇಲೆ ಯಕೃತ್ತು ಹೊಸ ಸಾಮಗ್ರಿಯನ್ನು ತಯಾರಿಸಲು ಸುಮಾರು ಆರು ಗಂಟೆ ಬೇಕು. ಆದುದರಿಂದಲೇ ಗಾಜಿನ ನಳಿಗೆಯ ಪರೀಕ್ಷೆಯನ್ನು ಆರು ಗಂಟೆಗೊಮ್ಮೆ ಮಾಡುತ್ತಾರೆ. ಈ ಪರೀಕ್ಷೆಗೆ ಯಂತ್ರ ಬೇಡ, ವಿದ್ಯುತ್ತು ಬೇಡ. ಆದರೆ ನಳಿಗೆ ಗಾಜಿನದೇ ಆಗಬೇಕು, ಹೊಸದಾಗಿರಬೇಕು, ಒಣಗಿರಬೇಕು. ಪ್ಲಾಸ್ಟಿಕ್ಕಿನದಾದರೆ, ಸಾಬೂನಿನಿಂದ ತೊಳೆದದ್ದಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸಮಾಡುತ್ತದೆ. ಇಷ್ಟು ಅಗ್ಗದ, ಇಷ್ಟು ಬುದ್ಧಿವಂತಿಕೆಯ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ಇನ್ನೊಂದಿದೆಯೋ ಕಾಣೆ.

ಹತ್ತು ಸೀಸೆಯ ಲೆಕ್ಕವೂ ಸೊಗಸಾಗಿದೆ. ನಮ್ಮ ದೇಶದ ಪ್ರತಿವಿಷದ 1 ಸಿ.ಸಿ. ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಡೆಯಬೇಕೆಂದು ಕಟ್ಟಳೆ; ನಾಗರಹಾವಿನದೂ ಅಷ್ಟೇ; ಕಟ್ಟುಹಾವು ಮತ್ತು ಗರಗಸಮಂಡಲಗಳದು 0.45 ಮಿಲಿಗ್ರಾಂ. ಒಂದು ಸೀಸೆಯಲ್ಲಿ 10 ಸಿ.ಸಿ. ಎಂದ ಮೇಲೆ ಸೀಸೆಗೆ 6 ಮಿಲಿಗ್ರಾಂ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆಂದು 1980ರ ದಶಕದಲ್ಲಿ ಬರ್ಮಾದ ಸಂಶೋಧಕರು ಅಳೆದರು. ಆದ್ದರಿಂದ ಹತ್ತು ಸೀಸೆ. ಮಗುವಿಗೆ ಕಚ್ಚಿದರೂ ಹತ್ತೇ, ಏಕೆಂದರೆ ಹಾವು ಮಗುವೆಂದು ಕನಿಕರಿಸಿ ವಿಷವನ್ನು ಕಡಿಮೆಮಾಡುವುದಿಲ್ಲ. ಕಾಕಾನಿಗೆ ಎರಡನೆಯ ನಳಿಗೆಯಲ್ಲಿಯೂ ರಕ್ತ ಹರಿಯಿತು. ಮತ್ತೆ ಹತ್ತು ಕೊಟ್ಟರು. ಮೂರನೆಯ ನಳಿಗೆಯನ್ನು ವೈದ್ಯರು ಬೋರಲು ಹಾಕಿದಾಗ ರಕ್ತ ಕದಲಲಿಲ್ಲ. ಆದರೆ ನಾವು ಕಳೆದ ಎರಡು ಗಂಟೆಗಳ ಸಾಲವನ್ನು ಮೂತ್ರಪಿಂಡಗಳು ತೀರಿಸಬೇಕಾಯಿತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಐದು ಸಲ ಯಂತ್ರದಿಂದ ರಕ್ತ ಶುದ್ಧಿಮಾಡಿಸಿ ಕಾಕಾನನ್ನು ಮನೆಗೆ ತಂದೆವು. ಆ ಖರ್ಚಿಗೆ ಎರಡು ಎಮ್ಮೆ ಹೋದವು.

ನಡುವೆ ಒಂದು ಮಾತು. ಇದೇ ಕೊಳಕುಮಂಡಲದ ವಿಷವನ್ನು 1934ರಲ್ಲಿ ಮ್ಯಾಕ್‌ಫರ್ಲೇನ್ ಎಂಬ ಇಂಗ್ಲಿಷ್ ವೈದ್ಯನು ಚೆನ್ನಾಗಿ ತೆಳುಮಾಡಿ, ರಕ್ತ ನಿಲ್ಲದ ಜನ್ಮರೋಗವಿರುವವರ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಬಹುದೆಂದು ತೋರಿಸಿದನು. ಇಂದಿಗೂ ರಕ್ತದ ಕೆಲವು ದೋಷಗಳನ್ನು ಕಂಡುಹಿಡಿಯಲು ಪ್ರಯೋಗಶಾಲೆಗಳು ಈ ವಿಷವನ್ನು ಬಳಸುತ್ತವೆ. ಗರಗಸಮಂಡಲದ ವಿಷದಲ್ಲಿನ ಒಂದು ಪ್ರೋಟೀನನ್ನು ಮಾದರಿಯಾಗಿಟ್ಟುಕೊಂಡು ಹೃದಯಾಘಾತದ ರೋಗಿಗಳಿಗೆ ಕೊಡುವ ಟಿರೋಫಿಬಾನ್ ಎಂಬ ಔಷಧಿ ಸಿದ್ಧವಾಯಿತು. ರಕ್ತದೊತ್ತಡದ ಕ್ಯಾಪ್ಟೊಪ್ರಿಲ್ ಮಾತ್ರೆಯ ಮೂಲ ಬ್ರೆಜಿಲಿನ ಒಂದು ಮಂಡಲದ ವಿಷ. ಕೊಲ್ಲುವುದನ್ನು ಬಲ್ಲವನು ಎಲ್ಲಿ ಚುಚ್ಚಬೇಕೆಂಬುದನ್ನು ಬಲ್ಲನಷ್ಟೆ. ಆ ತಿಳಿವಳಿಕೆಯನ್ನು ವಿಜ್ಞಾನಿಗಳು ಕಡ ತಂದಿದ್ದಾರೆ.

ಕಟ್ಟುಹಾವಿನ ವಿಷಯವನ್ನು ಬರೆಯದೆ ಬಿಡಬೇಕೆಂದಿದ್ದೆ. ಬಿಟ್ಟರೆ ಲೇಖನ ಪ್ರಾಮಾಣಿಕವಾಗುವುದಿಲ್ಲ.

ನನ್ನ ತಾಯಿಯ ತವರು ಜೋಯಿಡಾ ತಾಲ್ಲೂಕಿನ ಕಾಡಿನ ನಡುವಿನ ಒಂದು ಕೇರಿ. ದಾಂಡೇಲಿ ದಾಟಿ ಹೋಗಬೇಕು. ಮಳೆಗಾಲದಲ್ಲಿ ಒಂದು ಹಳ್ಳ ತುಂಬಿದರೆ ಆಚೆಯವರು ಆಚೆ, ಈಚೆಯವರು ಈಚೆ. ನನಗೆ ಹನ್ನೆರಡು ವರ್ಷವಾಗಿದ್ದಾಗ ಪಂಚಮಿ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದೆವು. ಚಿಕ್ಕಮ್ಮನ ಮಗಳು ನನಗಿಂತ ಮೂರು ವರ್ಷ ಚಿಕ್ಕವಳು. ರಾತ್ರಿ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಮಲಗಿದ್ದೆವು. ಬೆಳಗಿನ ಜಾವ ಅವಳು ಹೊಟ್ಟೆ ನೋವೆಂದು ಎದ್ದಳು. ಹಿಂದಿನ ದಿನ ಏನು ತಿಂದಳೆಂದು ಹಿರಿಯರು ಕೇಳಿದರು. "ನಾವು ತಂದ ಉಂಡಿ ಆರು ತಿಂದಾಳ, ನಾನೇ ಎಣಿಸೀನಿ," ಎಂದು ಹೇಳಿದವನು ನಾನು. ಓಮಕಾಳಿನ ನೀರು ಕುಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವಳ ರೆಪ್ಪೆಗಳು ಜೋತುಬಿದ್ದವು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾಳೆ, ಮಲಗಲಿ ಎಂದರು. ಮಾತು ತೊದಲಿತು, ಜೊಲ್ಲು ನುಂಗಲಾರದಾದಳು. ಆಗ ಗಾಬರಿಯಾಗಿ ಹೊತ್ತುಕೊಂಡು ಹೊರಟರು. ಹಳ್ಳ ತುಂಬಿತ್ತು. ದಾಟುವ ಮೊದಲೇ ಉಸಿರು ನಿಂತಿತು. ಮೈಮೇಲೆ ಒಂದು ಗಾಯವೂ ಕಂಡಿರಲಿಲ್ಲ. ಮರುದಿನ ಚಾಪೆಯನ್ನು ಮಡಿಸುವಾಗ ಗೋಡೆಯ ಬುಡದಲ್ಲಿ ಕಟ್ಟುಹಾವು ಮಲಗಿತ್ತು.

ಈಗ ಓದಿ ತಿಳಿದುಕೊಂಡಿದ್ದೇನೆ: ಇದು ಕಟ್ಟುಹಾವಿನ ಕಡಿತದ ಅಚ್ಚುಕಟ್ಟಾದ ಚಿತ್ರ. ಅದು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹಲ್ಲು ಸಣ್ಣದಾದ್ದರಿಂದ ನೋವೂ ಇಲ್ಲ, ಬಾವೂ ಇಲ್ಲ, ಗುರುತೂ ಇಲ್ಲ. ಬೆಳಗಿನಲ್ಲಿ ಹೊಟ್ಟೆ ನೋವು, ಆಮೇಲೆ ಜೋಲುರೆಪ್ಪೆ, ಆಮೇಲೆ ಉಸಿರು. ಮಂಡಲದ ವಿಷ ರಕ್ತದಲ್ಲಿ ಕೆಲಸಮಾಡಿದರೆ ಇದರ ವಿಷ ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಸಂಧಿಯಲ್ಲಿ ಕೆಲಸಮಾಡುತ್ತದೆ. ನಾಗರಹಾವಿನದೂ ಅಲ್ಲಿಯೇ, ಆದರೆ ಎರಡಕ್ಕೂ ಒಂದು ವ್ಯತ್ಯಾಸವುಂಟು. ನಾಗರಹಾವಿನ ವಿಷ ಅಪ್ಪಣೆಯನ್ನು ಕೇಳಿಸಿಕೊಳ್ಳುವ ಕಿವಿಯನ್ನು ಮುಚ್ಚುತ್ತದೆ. ಮದ್ದಿನಿಂದ ಆ ಬಿರಡೆಯನ್ನು ಕೀಳಬಹುದು. ಕಟ್ಟುಹಾವಿನ ವಿಷದ ಮುಖ್ಯಾಂಶ ಅಪ್ಪಣೆ ಹೇಳುವ ನರದ ತುದಿಯನ್ನೇ ಹಾಳುಗೆಡವುತ್ತದೆ. ಹಾಳಾದ ಮೇಲೆ ಎಷ್ಟು ಸೀಸೆ ಕೊಟ್ಟರೂ ಅದು ಕೂಡಲೇ ಸರಿಯಾಗದು. ತುದಿ ಮತ್ತೆ ಬೆಳೆಯುವವರೆಗೆ, ದಿನಗಟ್ಟಲೆ, ಯಂತ್ರದಿಂದ ಉಸಿರಾಡಿಸಬೇಕು. ಉಸಿರಾಡಿಸಿದರೆ ರೋಗಿ ಸಂಪೂರ್ಣ ಗುಣವಾಗುತ್ತಾನೆ. ಅವಳ ಹೊಟ್ಟೆ ನೋವಿಗೆ ಉಂಡಿ ಕಾರಣವೆಂದು ನಾನು ಹೇಳದೆ ಇದ್ದಿದ್ದರೆ ಹಿರಿಯರಿಗೆ ಬೇರೆ ಯೋಚನೆ ಹೊಳೆಯುತ್ತಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮನೆಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ.

ಇನ್ನು ಪ್ರತಿವಿಷದ ಕಥೆ. ನನ್ನ ವಿಷಯ ಇತಿಹಾಸವಾದ್ದರಿಂದ ಇಲ್ಲಿ ತುಸು ಸ್ವಾತಂತ್ರ್ಯ ವಹಿಸುತ್ತೇನೆ. 1891ರಲ್ಲಿ ಫ್ರೆಂಚರ ಆಳಿಕೆಯಲ್ಲಿದ್ದ ಸೈಗಾನಿನಲ್ಲಿ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯನಿದ್ದನು. ನೆರೆ ಬಂದು ನಾಗರಹಾವುಗಳು ಹಳ್ಳಿಯೊಂದಕ್ಕೆ ನುಗ್ಗಿ ಜನರನ್ನು ಕಚ್ಚಿದವು. ಆ ಹಾವುಗಳ ವಿಷವನ್ನು ಅವನು ಪರೀಕ್ಷಿಸತೊಡಗಿದನು. ವಿಷವನ್ನು ಪ್ರಾಣಿಗೆ ಅತ್ಯಲ್ಪವಾಗಿ, ಬರಬರುತ್ತ ಹೆಚ್ಚಾಗಿ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿಯುವ ಶಕ್ತಿ ಹುಟ್ಟುತ್ತದೆ; ಆ ರಕ್ತದ ತಿಳಿಯನ್ನು ತೆಗೆದು ಕಚ್ಚಿಸಿಕೊಂಡವನಿಗೆ ಕೊಟ್ಟರೆ ಅವನು ಬದುಕುತ್ತಾನೆ. 1895ರ ಹೊತ್ತಿಗೆ ಕಾಲ್ಮೆಟ್ ಫ್ರಾನ್ಸಿನಲ್ಲಿ ಕುದುರೆಗಳಿಂದ ಈ ಸೀರಮ್ ತಯಾರಿಸಿದನು. ಇಲ್ಲಿಯವರೆಗೆ ಅವನ ಕೀರ್ತಿ ನಿಷ್ಕಳಂಕ. ಆದರೆ ನಾಗರಹಾವಿನ ಸೀರಮ್ ಎಲ್ಲ ಹಾವುಗಳಿಗೂ ಆಗುತ್ತದೆಂದು ಅವನು ಸಾರಿದನು.

ಆಗುವುದಿಲ್ಲವೆಂದು ತೋರಿಸಿದವರಲ್ಲಿ ಒಬ್ಬನು ಮುಂಬಯಿಯ ಪರೇಲಿನಲ್ಲಿದ್ದ ಪ್ಲೇಗ್ ಸಂಶೋಧನಾಲಯದ ಜಾರ್ಜ್ ಲ್ಯಾಂಬ್. 1925ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರು ಪಡೆದದ್ದು ಇದೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲ್ಯಾಂಬ್ ನಾಗರಹಾವು ಮತ್ತು ಕೊಳಕುಮಂಡಲಗಳ ವಿಷಗಳನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸಿದನು. ಒಂದರ ಸೀರಮ್ ಇನ್ನೊಂದರ ವಿಷವನ್ನು ತಡೆಯಲಿಲ್ಲ. ಬೀಗಕ್ಕೊಂದು ಕೀಲಿಕೈ. ಅಂದು ನಮ್ಮ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು. ನನ್ನ 'ಐದನೆಯ ಹಾವಿನ' ಪ್ರಶ್ನೆಯನ್ನು ಸರಿಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಇಲಾಖೆಯ ರಾಜಧಾನಿಯಲ್ಲಿಯೇ ಒಬ್ಬನು ಕೇಳಿದ್ದನೆಂಬುದು ನನಗೆ ಹೆಮ್ಮೆಯನ್ನೂ ಬೇಸರವನ್ನೂ ಒಟ್ಟಿಗೆ ತಂದಿತು.

ಹಲವು ಹಾವುಗಳ ವಿಷವನ್ನು ಒಂದೇ ಕುದುರೆಮಂದೆಗೆ ಕೊಟ್ಟು ಎಲ್ಲಕ್ಕೂ ಆಗುವ ಸೀರಮ್ ತೆಗೆಯುವುದು ಇದಕ್ಕೆ ಕಂಡುಕೊಂಡ ದಾರಿ. ಹಾಗಾದರೆ ಹಾವುಗಳು ಎಲ್ಲಿಯವು? ಇಲ್ಲಿಯೇ ನಾನು ಬೆರಗಾದದ್ದು. ಭಾರತದ ಪ್ರತಿವಿಷಕ್ಕೆ ಬೇಕಾಗುವ ವಿಷದ ಬಹುಪಾಲು ಬರುವುದು ಒಂದೇ ಸ್ಥಳದಿಂದ: ತಮಿಳುನಾಡಿನಲ್ಲಿ, ಮಹಾಬಲಿಪುರಕ್ಕೆ ಸಮೀಪದ ವಡನೆಮ್ಮೇಲಿಯಿಂದ. ಅಲ್ಲಿ ಇರುಳರೆಂಬ ಬುಡಕಟ್ಟಿನವರ ಸಹಕಾರ ಸಂಘವಿದೆ. ಹಿಂದೆ ಹಾವಿನ ಚರ್ಮದ ವ್ಯಾಪಾರಿಗಳಿಗೆ ಹಾವು ಹಿಡಿದುಕೊಡುತ್ತಿದ್ದ ಈ ಜನಕ್ಕೆ 1972ರ ವನ್ಯಜೀವಿ ಕಾಯಿದೆಯ ಮೇಲೆ ಆ ಕಸುಬು ನಿಂತಿತು. ರೊಮ್ಯುಲಸ್ ವಿಟೇಕರ್ ಎಂಬ ಹಾವುಗಳ ತಜ್ಞರ ಬೆಂಬಲದಿಂದ 1978ರಲ್ಲಿ ಸಂಘ ಹುಟ್ಟಿತು. ಹಾವನ್ನು ಹಿಡಿದು, ಮಡಕೆಯಲ್ಲಿ ಕೆಲವು ವಾರ ಇಟ್ಟು, ನಾಲ್ಕು ಸಲ ವಿಷ ಹಿಂಡಿ, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಹಿಂಡಿದ ವಿಷವನ್ನು ಒಣಗಿಸಿ ಪುಡಿಮಾಡಿ ಔಷಧ ತಯಾರಕರಿಗೆ ಮಾರುತ್ತಾರೆ. ಅವರು ಕುದುರೆಗಳಿಗೆ ಚುಚ್ಚಿ, ರಕ್ತ ತೆಗೆದು, ಅದರ ತಿಳಿಯನ್ನು ಶುದ್ಧಮಾಡಿ, ಒಣಗಿಸಿ ಸೀಸೆಗೆ ತುಂಬುತ್ತಾರೆ. ಒಣಗಿಸಿದ ಪುಡಿಗೆ ತಂಪುಪೆಟ್ಟಿಗೆ ಬೇಕಿಲ್ಲವೆಂಬುದು, ಮಳೆಗಾಲದಲ್ಲಿ ವಾರಗಟ್ಟಲೆ ವಿದ್ಯುತ್ತಿಲ್ಲದಿರುವ ನಮ್ಮ ಕಾಡೂರುಗಳಿಗೆ ಸಣ್ಣ ಸಂಗತಿಯಲ್ಲ.

ಇರುಳರ ಕೈಚಳಕಕ್ಕೆ ಕೈಮುಗಿಯಬೇಕು. ಆದರೆ ಒಂದೇ ಕರಾವಳಿಯ ಹಾವುಗಳ ವಿಷದಿಂದ ತಯಾರಾದ ಮದ್ದು ಹಿಮಾಲಯದ ಬುಡದಿಂದ ಕನ್ಯಾಕುಮಾರಿಯವರೆಗೆ ಸಮನಾಗಿ ಕೆಲಸಮಾಡೀತೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಕಾರ್ತಿಕ್ ಸುನಗರ್ ಅವರ ಪ್ರಯೋಗಶಾಲೆ ಹಿಡಿದಿರುವುದು ಈ ಪ್ರಶ್ನೆಯನ್ನೇ. 2019ರಲ್ಲಿ ಅವರ ತಂಡ ನಾಲ್ಕು ಹಾವುಗಳಾಚೆಗಿನ ವಿಷದ ಹಾವುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಕೆಲವಕ್ಕೆ ಪೇಟೆಯ ಮದ್ದು ಸಾಲದೆಂದು ತೋರಿಸಿತು. 2021ರಲ್ಲಿ ಕೊಳಕುಮಂಡಲವನ್ನೇ ತೆಗೆದುಕೊಂಡು, ಜಾತಿ ಒಂದೇ ಆದರೂ ಪ್ರದೇಶದಿಂದ ಪ್ರದೇಶಕ್ಕೆ ವಿಷದ ಕೂಟ ಬೇರೆಯಾಗುತ್ತದೆಂದೂ ಕೆಲವು ಕಡೆಯ ವಿಷವನ್ನು ಮದ್ದು ನಿರೀಕ್ಷಿಸಿದಷ್ಟು ತಡೆಯುವುದಿಲ್ಲವೆಂದೂ ಕಂಡುಕೊಂಡಿತು. 2025ರಲ್ಲಿ ಇನ್ನೂ ಮುಂದೆ ಹೋಯಿತು. ಭಾರತದ 34 ಸ್ಥಳಗಳ 115 ಕೊಳಕುಮಂಡಲಗಳ ವಿಷವನ್ನು ಆಯಾ ಸ್ಥಳದ ಉಷ್ಣತೆ ಮತ್ತು ಮಳೆಯೊಂದಿಗೆ ತಾಳೆ ನೋಡಿದಾಗ, ಹವೆಗೂ ವಿಷಕ್ಕೂ ಸಂಬಂಧ ಕಂಡಿತು. ಒಣ ಪ್ರದೇಶದ ಹಾವುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಕೆಲಸ ಹೆಚ್ಚು.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ನಮ್ಮ ನಾಲ್ಕು ತಾಲ್ಲೂಕುಗಳು ಬಂದವು. ಜೋಯಿಡಾದ ಪಡುವಣ ಅಂಚಿನಲ್ಲಿ ಕ್ಯಾಸಲ್‌ರಾಕಿನ ಬಳಿ ಸುರಿಯುವ ಮಳೆಗೂ ಮುಂಡಗೋಡದ ಗೋವಿನಜೋಳದ ಹೊಲಕ್ಕೆ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ. ನಡುವೆ ದಾಂಡೇಲಿ, ಹಳಿಯಾಳ. ಒಂದು ದಿನದ ಬಸ್ಸಿನ ಪ್ರಯಾಣದಲ್ಲಿ ದಟ್ಟ ಕಾಡಿನಿಂದ ಬಯಲುಸೀಮೆಯ ಬಾಗಿಲಿಗೆ ಬಂದುಬಿಡುತ್ತೇವೆ. ಹವೆಯನ್ನು ಅನುಸರಿಸಿ ವಿಷ ಬದಲಾಗುವುದಾದರೆ ನಮ್ಮ ಕಾಕಾನನ್ನು ಕಚ್ಚಿದ ಮಂಡಲವೂ ಚೆನ್ನೈ ಕಡೆಯ ಮಂಡಲವೂ ಒಂದೇ ವಿಷವನ್ನು ಹೊತ್ತಿವೆಯೆಂದು ಭಾವಿಸಲು ಕಾರಣವಿಲ್ಲ. ಇಪ್ಪತ್ತು ಸೀಸೆ ಬೇಕಾದದ್ದಕ್ಕೆ ನಮ್ಮ ತಡವೊಂದೇ ಕಾರಣವೆಂದು ನಾನು ನಂಬಿಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಆದರೂ ಮದ್ದು ಕೆಲಸಮಾಡಿತು, ಅದನ್ನು ಮರೆಯಬಾರದು. ಸಂಶೋಧನೆಯ ಸುದ್ದಿಯನ್ನು ಅರ್ಧ ಕೇಳಿ "ಆಸ್ಪತ್ರೆಯ ಮದ್ದು ಉಪಯೋಗವಿಲ್ಲವಂತೆ" ಎಂದು ಹಬ್ಬಿಸುವವರು ಹಾವಿಗಿಂತ ಹೆಚ್ಚು ಜನರನ್ನು ಕೊಂದಾರು. ಇಂದು ಇರುವ ಒಂದೇ ಮದ್ದು ಅದು.

ಐದನೆಯ ಹಾವಿಗೆ ಬರೋಣ. ಅದು ಊಹೆಯ ಹಾವಲ್ಲ. ಪಶ್ಚಿಮ ಘಟ್ಟದ ತರಗೆಲೆಗಳ ನಡುವೆ ಮೂಗಿನ ತುದಿ ಮೇಲಕ್ಕೆತ್ತಿದ ಒಂದು ಸಣ್ಣ ಗುಳಿಮಂಡಲವಿದೆ. ಅದರ ಕಡಿತದಿಂದ ದೊಡ್ಡ ಅಪಾಯವಿಲ್ಲವೆಂದು ಬಹುಕಾಲ ಭಾವಿಸಿದ್ದರು. ಅದು ರಕ್ತವನ್ನು ಕೆಡಿಸಿ ಪ್ರಾಣಕ್ಕೆ ಎರವಾಗಬಹುದೆಂದು ಕೇರಳದ ರೋಗಿಗಳನ್ನು ನೋಡಿದ ವೈದ್ಯರು 2007ರಲ್ಲಿ ಪ್ರಕಟಿಸಿದರು; ನಾಲ್ಕು ಹಾವುಗಳ ಮದ್ದು ಅಲ್ಲಿ ನಾಟಲಿಲ್ಲ. ಆರನೆಯದು ಕಾಳಿಂಗ ಸರ್ಪ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಣಶಿ ಕಡೆಯವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಮನುಷ್ಯನನ್ನು ಕಚ್ಚುವುದು ಬಲು ಅಪರೂಪ, ಆದರೆ ಕಚ್ಚಿದರೆ ನಮ್ಮ ಸೀಸೆಯಲ್ಲಿ ಅದರ ಪಾಲಿಲ್ಲ. ಒಂದು ಸಂತೋಷದ ಸುದ್ದಿ: ಕಾಳಿಂಗ ಒಂದು ಜಾತಿಯಲ್ಲ, ನಾಲ್ಕು ಎಂದು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಸಾಧಿಸಿ, ಪಶ್ಚಿಮ ಘಟ್ಟದ ಜಾತಿಗೆ ಓಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ಶಾಸ್ತ್ರೀಯ ನಾಮಾವಳಿಯಲ್ಲಿ ನಮ್ಮ ಅಜ್ಜಿಯ ಬಾಯಿಯ ಶಬ್ದ ಸೇರಿಕೊಂಡಿದೆ.

ಕುದುರೆಯ ಹಂಗಿಲ್ಲದ ಮದ್ದಿನ ಹುಡುಕಾಟವೂ ನಡೆದಿದೆ. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ ಬೆಂಗಳೂರಿನ ತಂಡವೂ ಸೇರಿ, ಪ್ರಯೋಗಶಾಲೆಯಲ್ಲಿಯೇ ರೂಪಿಸಿದ ಒಂದು ಪ್ರತಿಕಾಯವು ನಾಗರ, ಕಟ್ಟು, ಕಾಳಿಂಗ ಮುಂತಾದ ಹಾವುಗಳಲ್ಲಿರುವ ಒಂದು ಬಗೆಯ ನರವಿಷವನ್ನು ಇಲಿಗಳಲ್ಲಿ ತಡೆಯಿತೆಂದು ಪ್ರಕಟಿಸಿದರು. ಇಲಿಯಿಂದ ಮನುಷ್ಯನವರೆಗೆ ದಾರಿ ದೂರ. ಮಂಡಲಗಳ ವಿಷಕ್ಕೆ ಇದು ಆಗುವುದೂ ಇಲ್ಲ.

ಇಷ್ಟು ತಡವೇಕಾಯಿತು? ನನಗೆ ಹೊಳೆದ ಕಾರಣವನ್ನು ಹೇಳುತ್ತೇನೆ, ಗುರುಗಳು ತಿದ್ದಲಿ. 1957ರಲ್ಲಿ ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಓಡಿಬಂದರು. ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿದರು. ಉಣ್ಣೆಯೇ ಅದರ ವಾಹನವೆಂದು ಪತ್ತೆಮಾಡಿದರು. ಆ ಮಂಗನ ಕಾಯಿಲೆಯ ಮುಂದಿನ ಚರಿತ್ರೆ ಅಷ್ಟು ಉಜ್ವಲವಾಗಿಲ್ಲ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಬೇಕಾಯಿತು. ಆದರೂ ಮೊದಲ ವರ್ಷದಲ್ಲಿಯೇ ಲೋಕದ ಗಮನ ಅತ್ತ ಹರಿಯಿತು. ಹಾವು ಕಚ್ಚಿ ಸಾಯುವವನು ಒಬ್ಬನೇ ಸಾಯುತ್ತಾನೆ, ತನ್ನ ಗದ್ದೆಯಲ್ಲಿ, ತನ್ನ ಚಾಪೆಯ ಮೇಲೆ. ಅವನಿಂದ ಇನ್ನೊಬ್ಬನಿಗೆ ಅಂಟುವುದಿಲ್ಲ. ಆದ್ದರಿಂದ ಯಾರೂ ಓಡಿಬರುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಅಂದಾಜುಮಾಡಿತು. ಹೆಚ್ಚಿನವರು ಹಳ್ಳಿಗರು, ಅರ್ಧದಷ್ಟು ಸಾವು ಜೂನಿನಿಂದ ಸೆಪ್ಟೆಂಬರಿನೊಳಗೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಲಕ್ಷಿತ ಉಷ್ಣವಲಯದ ವ್ಯಾಧಿಗಳ ಮೊದಲ ಸಾಲಿಗೆ ಸೇರಿಸಿದ್ದು 2017ರಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ವ್ಯಾಧಿಯೆಂದು ಘೋಷಿಸಿತು. ಇನ್ನು ಮುಂದೆ ಪ್ರತಿಯೊಂದು ಕಡಿತವೂ ಲೆಕ್ಕಕ್ಕೆ ಸೇರಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುತ್ತೇನೆ: ಎಣಿಸದ ವಸ್ತುವಿಗೆ ಮುಂಗಡಪತ್ರದಲ್ಲಿ ಜಾಗ ಸಿಕ್ಕುವುದಿಲ್ಲ. ನನ್ನ ಚಿಕ್ಕಮ್ಮನ ಮಗಳು ಯಾವ ಲೆಕ್ಕದಲ್ಲಿಯೂ ಇಲ್ಲ.

ಹಾಸ್ಟೆಲ್ಲಿನಲ್ಲಿ ಮುಂಡಗೋಡದ ಗೆಳೆಯನೊಬ್ಬನು ಇದನ್ನೆಲ್ಲ ಓದಿ, "ಇಷ್ಟೆಲ್ಲ ಸರಿ, ಕಚ್ಚಿದರೆ ನಾನು ಏನು ಮಾಡಲಿ, ಅದನ್ನು ಬರೆ," ಎಂದನು. ಬರೆಯುತ್ತೇನೆ. ಹಗ್ಗ ಬಿಗಿಯಬೇಡ, ಕೊಯ್ಯಬೇಡ, ಚೀಪಬೇಡ. ಉಂಗುರ, ಕಾಲ್ಗೆಜ್ಜೆ ಬಿಚ್ಚು. ಮುರಿದ ಕೈಕಾಲಿಗೆ ದಬ್ಬೆ ಕಟ್ಟುವಂತೆ ಕಟ್ಟಿ ಅಲುಗಾಡದಂತೆ ಇಡು, ನಡೆಸಬೇಡ. 108ಕ್ಕೆ ಫೋನು ಮಾಡು. ಗಾಡಿ ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ನೇರ ಆಸ್ಪತ್ರೆಗೆ. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೆ ಮೈ ಉಬ್ಬಿ ಉಸಿರು ಕಟ್ಟಬಹುದು. ಅದಕ್ಕೆಂದೇ ಸೂಜಿಮದ್ದನ್ನು ಪಕ್ಕದಲ್ಲಿಟ್ಟುಕೊಂಡು ಆಸ್ಪತ್ರೆಯಲ್ಲಿಯೇ ಕೊಡಬೇಕು. ಮಳೆಗಾಲದಲ್ಲಿ ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆ ನೊಂದು ರೆಪ್ಪೆ ಜೋತರೆ, ಏನು ತಿಂದೆಯೆಂದು ಕೇಳುತ್ತ ಕೂಡಬೇಡ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಿ ಮಲಗಲಿ. ಅಷ್ಟು ತೆಳ್ಳನೆಯ ಬಟ್ಟೆ ಕಟ್ಟುಹಾವನ್ನು ತಡೆಯುತ್ತದೆ. ಜೋಯಿಡಾದ ಅಜ್ಜಿ ಈಗ ಪರದೆಯಿಲ್ಲದೆ ಯಾರನ್ನೂ ಮಲಗಗೊಡುವುದಿಲ್ಲ.

ಕಾಕಾ ಈ ವರ್ಷ ಮತ್ತೆ ಗದ್ದೆಗಿಳಿದರು. ಮೊಣಕಾಲವರೆಗಿನ ರಬ್ಬರಿನ ಬೂಟು ಹಾಕಿಕೊಂಡು ಭತ್ತ ಕೊಯ್ಯುವುದನ್ನು ಕಂಡು ಊರವರು ನಕ್ಕರು. ಎರಡನೆಯ ವಾರದಲ್ಲಿ ಇನ್ನಿಬ್ಬರು ಪೇಟೆಯಿಂದ ಅಂಥವೇ ಬೂಟು ತಂದರು. ಈ ಲೇಖನದ ಕರಡನ್ನು ಒಂದು ಸಂಜೆ ಅವರಿಗೆ ಓದಿ ಹೇಳಿದೆ. ವಡನೆಮ್ಮೇಲಿಯ ಭಾಗ ಬಂದಾಗ ಬೀಡಿ ಆರಿಸಿ ಕೇಳಿಸಿಕೊಂಡರು. "ಅಂದ್ರ, ನನ್ನ ಮೈಯಾಗ ಹೋದ ಮದ್ದಿಗೆ ವಿಷ ಕೊಟ್ಟಿದ್ದು ತಮಿಳರ ಕಡೀ ಹಾವೇನು?" ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಡೀ ಹಾವು ಬೇಕಾದ್ರ ಹೇಳು ಅವರಿಗೆ, ನಮ್ಮ ಬದುವಿನ್ಯಾಗ ಇನ್ನೂ ಎರಡು ಅದಾವ," ಎಂದು ಎಮ್ಮೆ ಕಟ್ಟಲು ಎದ್ದುಹೋದರು.